ದೇವಿಮನೆ ಘಟ್ಟದಲ್ಲಿ ಸ್ಟೇರಿಂಗ್ ಯಾರ ಕೈಯಲ್ಲಿ?

(ಶಿರಸಿಯಲ್ಲಿ ಹಿರಿಯ ನಾಗರಿಕರು ಮತ್ತು ಕಾಲೇಜು ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಕುಮಟಾ ಕಡೆಯಿಂದ ದೇವಿಮನೆ ಘಟ್ಟ ಹತ್ತಿ ಈ ಸಭೆಗೆ ಬಂದವರು ಕೆಲವರಿದ್ದೀರಿ. ದಾರಿಯಲ್ಲಿ ನಿಮ್ಮ ಬಸ್ಸಿನ ಚಾಲಕರು ಏನೇನು ಮಾಡಿದರು ಎಂದು ಗಮನಿಸಿದ್ದೀರಾ? ಸ್ಟೇರಿಂಗ್ ತಿರುಗಿಸಿದರು, ಗೇರ್ ಬದಲಿಸಿದರು, ಬ್ರೇಕ್ ಒತ್ತಿದರು. ಇದು ಕೈಕಾಲಿನ ಕೆಲಸ. ಇದರ ನಡುವೆಯೇ ತಿರುವಿಗೆ ಮೊದಲು ಹಾರ್ನ್ ಹಾಕಿ, ಆಚೆಯಿಂದ ಉತ್ತರವಾಗಿ ಇನ್ನೊಂದು ಹಾರ್ನ್ ಬರುತ್ತದೆಯೇ ಎಂದು ಕಿವಿಗೊಟ್ಟರು. ಎದುರಿನ ಲಾರಿಯ ಕ್ಲೀನರ್ ಕಿಟಕಿಯಿಂದ ಕೈ ಬೀಸಿದ್ದು ‘ಬಾ’ ಎಂದೋ ‘ನಿಲ್ಲು’ ಎಂದೋ ತಿಳಿದುಕೊಂಡರು. ಘಟ್ಟ ಏರುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕೆಂದು ರಸ್ತೆ ನಿಯಮಾವಳಿಯಲ್ಲೇ ಇದೆ. ಆದರೆ ಇಳಿಯುತ್ತಿರುವುದು ಪೂರ್ತಿ ಭಾರ ಹೊತ್ತ, ಬ್ರೇಕ್ ಕಾದ ವಾಸನೆ ಬರುತ್ತಿರುವ ಲಾರಿ ಎಂದಾದರೆ ನಿಯಮದ ಪುಸ್ತಕವನ್ನು ಮಡಿಚಿಟ್ಟು ಏರುವವರೇ ಬದಿಗೆ ಸರಿಯುತ್ತಾರೆ. ರಾತ್ರಿಯಾದರೆ, ಎದುರಿನ ವಾಹನ ಕಾಣುವ ಮೊದಲೇ ಅದರ ದೀಪದ ಬೆಳಕು ತಿರುವಿನಾಚೆಯ ಮರಗಳ ಮೇಲೆ ಸರಿಯುವುದನ್ನು ನೋಡಿ ವೇಗ ತಗ್ಗಿಸುತ್ತಾರೆ.

ಚಾಲಕರಿಲ್ಲದೆ ತಾನೇ ಓಡುವ ಕಾರು ನಮ್ಮ ಬದುಕನ್ನು ಹೇಗೆ ಬದಲಿಸೀತು ಎಂಬುದರ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ಕೈಕಾಲಿನ ಕೆಲಸವನ್ನು ಯಂತ್ರ ಕಲಿತು ಬಹಳ ಕಾಲವಾಯಿತು. ಆದ್ದರಿಂದ ಉಳಿದ ಕೆಲಸದ ಬಗ್ಗೆಯೇ ಹೆಚ್ಚು ಹೇಳುತ್ತೇನೆ.

ಚರಿತ್ರೆಯನ್ನು ಬೇಗ ಮುಗಿಸೋಣ. 2004ರ ಮಾರ್ಚ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯಾದ ಡಾರ್ಪಾ ಮೊಹಾವಿ ಮರುಭೂಮಿಯಲ್ಲಿ ಒಂದು ಸ್ಪರ್ಧೆ ನಡೆಸಿತು. ಮನುಷ್ಯರಿಲ್ಲದ ವಾಹನಗಳು ಸುಮಾರು 240 ಕಿಲೋಮೀಟರ್ ಓಡಬೇಕಿತ್ತು. ಎಲ್ಲಕ್ಕಿಂತ ಮುಂದೆ ಹೋದ ವಾಹನ ಹನ್ನೆರಡು ಕಿಲೋಮೀಟರಿನ ಆಸುಪಾಸಿನಲ್ಲೇ ಸಿಕ್ಕಿಕೊಂಡಿತು. ಜನ ನಕ್ಕರು. ಮರುವರ್ಷ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ‘ಸ್ಟ್ಯಾನ್ಲಿ’ 212 ಕಿಲೋಮೀಟರನ್ನು ಏಳು ಗಂಟೆಯೊಳಗೆ ಓಡಿ ಗೆದ್ದಿತು. ಅದರ ಹಿಂದೆ ಇನ್ನೂ ನಾಲ್ಕು ವಾಹನಗಳು ಗುರಿ ಮುಟ್ಟಿದವು. 2009ರಲ್ಲಿ ಗೂಗಲ್ ಈ ಕೆಲಸಕ್ಕೆ ಕೈಹಾಕಿತು. ಅದೇ ಯೋಜನೆ 2016ರಲ್ಲಿ ವೇಮೋ ಎಂಬ ಕಂಪನಿಯಾಯಿತು. 2020ರ ಅಕ್ಟೋಬರ್‌ನಲ್ಲಿ ಅರಿಜೋನಾದ ಫೀನಿಕ್ಸ್ ಸುತ್ತಮುತ್ತ ಮುಂದಿನ ಸೀಟಿನಲ್ಲಿ ಯಾರೂ ಇಲ್ಲದ ಟ್ಯಾಕ್ಸಿಯನ್ನು ಸಾಮಾನ್ಯ ಜನ ಕರೆಸಿಕೊಳ್ಳುವಂತಾಯಿತು. 2024ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲೀಸ್ ನಗರಗಳಲ್ಲೂ ಎಲ್ಲರಿಗೂ ತೆರೆಯಿತು. ಇದು ಕಥೆಯಲ್ಲ, ನಡೆಯುತ್ತಿರುವ ವ್ಯವಹಾರ. ನಿಮ್ಮ ಮಕ್ಕಳು ಆ ಕಡೆ ಇದ್ದರೆ ವೀಡಿಯೊ ಕಳಿಸಿರುತ್ತಾರೆ.

ಆದರೆ ಫೀನಿಕ್ಸ್ ಎಂಥ ಊರು ಎಂಬುದನ್ನು ಗಮನಿಸಬೇಕು. ಅಗಲವಾದ, ನೇರವಾದ, ಗೆರೆ ಎಳೆದಿಟ್ಟ ರಸ್ತೆಗಳು. ವರ್ಷವಿಡೀ ಬೀಳುವ ಮಳೆ ಸುಮಾರು 200 ಮಿಲಿಮೀಟರ್. ನಮ್ಮ ಕರಾವಳಿಯಲ್ಲಿ ಆಷಾಢದ ಒಂದು ದಿನದಲ್ಲೇ ಅಷ್ಟು ಸುರಿಯುವುದುಂಟು.

ಈ ಕಾರು ನೋಡುವುದು ಹೇಗೆ? ಮೂರು ಬಗೆಯ ಕಣ್ಣು ಅದಕ್ಕೆ. ಒಂದು ಕ್ಯಾಮೆರಾ. ಎರಡನೆಯದು ರೇಡಾರ್, ರೇಡಿಯೊ ಅಲೆಗಳಿಂದ ದೂರ ಮತ್ತು ವೇಗ ಅಳೆಯುತ್ತದೆ. ಮೂರನೆಯದು ಲೈಡಾರ್. ಅದು ಲೇಸರ್ ಬೆಳಕಿನ ಸಣ್ಣ ಸಣ್ಣ ತುಣುಕುಗಳನ್ನು ಸುತ್ತಲೂ ಎಸೆದು, ತಗಲಿದ್ದರಿಂದ ಮರಳಿ ಬರಲು ಎಷ್ಟು ಹೊತ್ತಾಯಿತೆಂದು ಲೆಕ್ಕ ಹಾಕುತ್ತದೆ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಲ್ಲಿ, 30 ಸೆಂಟಿಮೀಟರ್ ಹೋಗುತ್ತದೆ. ಅಂಥ ಲಕ್ಷಾಂತರ ಅಳತೆಗಳಿಂದ ಸುತ್ತಲಿನ ಜಗತ್ತಿನ ಮೂರು ಆಯಾಮದ ಚಿತ್ರ ಮೂಡುತ್ತದೆ.

ಕಂಡದ್ದು ಏನು ಎಂದು ಗುರುತಿಸುವುದು ಬೇರೆ ವಿದ್ಯೆ. ಇಲ್ಲಿಯ ಅಡಿಕೆ ವ್ಯಾಪಾರದಲ್ಲಿ ಪಳಗಿದವರು ರಾಶಿ ಯಾವುದು, ಬೆಟ್ಟೆ ಯಾವುದು, ಕೆಂಪುಗೋಟು ಯಾವುದು ಎಂದು ಕೈಗೆ ಬಂದ ಕ್ಷಣದಲ್ಲಿ ಹೇಳುತ್ತಾರೆ. ನಿಯಮ ಬರೆದುಕೊಡಿ ಎಂದರೆ ಕೊಡಲಾರರು. ವರ್ಷಗಟ್ಟಲೆ ನೋಡಿ ನೋಡಿ ಕಣ್ಣಿಗೆ ಬಂದ ತಿಳಿವು ಅದು. ಕಂಪ್ಯೂಟರಿಗೂ ಹೀಗೆಯೇ ಕಲಿಸುತ್ತಾರೆ: ಲಕ್ಷಗಟ್ಟಲೆ ಚಿತ್ರ ತೋರಿಸಿ, ಇದು ಮನುಷ್ಯ, ಇದು ಸೈಕಲ್, ಇದು ಲಾರಿ ಎಂದು ಗುರುತು ಹಾಕಿಕೊಟ್ಟು. ಯಾವ ಊರಿನ ಚಿತ್ರ ತೋರಿಸಿದರೋ ಆ ಊರಿನ ಕಣ್ಣು ಅದಕ್ಕೆ ಬರುತ್ತದೆ. ಅದಕ್ಕೇ ಹೈದರಾಬಾದಿನ ಟ್ರಿಪಲ್ ಐಟಿಯವರು ಇಂಟೆಲ್ ಜೊತೆ ಸೇರಿ 2018ರಲ್ಲಿ ಭಾರತದ ರಸ್ತೆಗಳದೇ ಒಂದು ಚಿತ್ರಸಂಗ್ರಹ ಮಾಡಿದರು. ಸುಮಾರು ಹತ್ತು ಸಾವಿರ ಚಿತ್ರಗಳು. ಆಟೊರಿಕ್ಷಾ ಮತ್ತು ಪ್ರಾಣಿಗಳಿಗೆ ಅದರಲ್ಲಿ ಪ್ರತ್ಯೇಕ ಗುರುತು. ಚಿತ್ರ ತೆಗೆದದ್ದು ಹೈದರಾಬಾದ್, ಬೆಂಗಳೂರು ಕಡೆಯ ರಸ್ತೆಗಳಲ್ಲಿ. ಮಳೆಗಾಲದಲ್ಲಿ ಒಣ ಜಾಗ ಹುಡುಕಿ ಹೆದ್ದಾರಿಯ ನಡುವೆಯೇ ಮೆಲುಕು ಹಾಕುತ್ತ ಮಲಗುವ ಅಂಕೋಲೆಯ ದನಗಳನ್ನು, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ರಸ್ತೆಬದಿ ನಡೆಯುವ ಹೆಂಗಸನ್ನು ಅದಕ್ಕೆ ತೋರಿಸುವ ಕೆಲಸ ಬೇರೆಯೇ ಆಗಬೇಕು. ಹೊರೆ ಹೊತ್ತವರು ದೂರದಿಂದ ಮನುಷ್ಯರಂತೆ ಕಾಣುವುದೇ ಇಲ್ಲ.

ಇದು ತಮಾಷೆಯ ಮಾತಲ್ಲ. 2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪಿಯಲ್ಲಿ ಊಬರ್ ಕಂಪನಿಯ ಪರೀಕ್ಷಾ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿತು, ಆಕೆ ತೀರಿಕೊಂಡರು. ಕಾರಿನ ಕಣ್ಣುಗಳು ಆಕೆಯನ್ನು ಮೊದಲೇ ಕಂಡಿದ್ದವು. ಆದರೆ ಕಂಪ್ಯೂಟರ್ ಆಕೆಯನ್ನು ಒಮ್ಮೆ ಗೊತ್ತಿಲ್ಲದ ವಸ್ತು ಎಂದಿತು, ಒಮ್ಮೆ ವಾಹನ ಎಂದಿತು, ಇನ್ನೊಮ್ಮೆ ಸೈಕಲ್ ಎಂದಿತು. ಹೆಸರು ಬದಲಿಸಿದಾಗಲೆಲ್ಲ ಆಕೆ ಯಾವ ದಿಕ್ಕಿಗೆ ಹೋಗುತ್ತಿದ್ದಾರೆಂಬ ಹಿಂದಿನ ಲೆಕ್ಕವನ್ನು ಬಿಟ್ಟುಬಿಟ್ಟಿತು. ಪಾದಚಾರಿ ಪಟ್ಟೆ ಇಲ್ಲದ ಕಡೆ ಮನುಷ್ಯರು ರಸ್ತೆ ದಾಟಬಹುದೆಂಬ ಯೋಚನೆಯೇ ಆ ವ್ಯವಸ್ಥೆಯಲ್ಲಿ ಇರಲಿಲ್ಲ ಎಂದು ತನಿಖೆ ಹೇಳಿತು. ನಮ್ಮ ಜಿಲ್ಲೆಯಲ್ಲಿ ಪಟ್ಟೆ ಹುಡುಕಿಕೊಂಡು ಹೋಗಿ ರಸ್ತೆ ದಾಟುವವರು ಯಾರಿದ್ದೀರಿ, ಕೈ ಎತ್ತಿ. ಯಾರೂ ಇಲ್ಲ.

ಆ ಕಾರಿನಲ್ಲಿ ಮೇಲ್ವಿಚಾರಣೆಗೆಂದೇ ಒಬ್ಬರು ಕೂತಿದ್ದರು. ಅವರು ಮೊಬೈಲ್ ನೋಡುತ್ತಿದ್ದರು. ಇದನ್ನು ಯಾಕೆ ಹೇಳುತ್ತೇನೆಂದರೆ, ತಾನೇ ಓಡುವ ಶಕ್ತಿಯನ್ನು ಸೊನ್ನೆಯಿಂದ ಐದರವರೆಗೆ ಆರು ಹಂತಗಳಾಗಿ ವಿಂಗಡಿಸುತ್ತಾರೆ. ಈಗ ನಮ್ಮ ಪೇಟೆಯ ದುಬಾರಿ ಕಾರುಗಳಲ್ಲಿ ಅಡಾಸ್ ಎಂದು ಮಾರುತ್ತಾರಲ್ಲ, ಎದುರು ಏನಾದರೂ ಬಂದರೆ ತಾನೇ ಬ್ರೇಕ್ ಹಾಕುವುದು, ಗೆರೆಯೊಳಗೆ ಇರುವಂತೆ ಸ್ಟೇರಿಂಗ್ ಎಳೆಯುವುದು, ಅವೆಲ್ಲ ಸೊನ್ನೆಯಿಂದ ಎರಡನೆಯ ಹಂತದೊಳಗಿನವು. ಅಲ್ಲಿ ಚಾಲಕರು ನೀವೇ, ಹೊಣೆಯೂ ನಿಮ್ಮದೇ. ನಾಲ್ಕು ಎಂದರೆ ಗೊತ್ತುಮಾಡಿದ ಪ್ರದೇಶದೊಳಗೆ ಮನುಷ್ಯರ ಅಗತ್ಯವೇ ಇಲ್ಲ. ವೇಮೋ ಇರುವುದು ಅಲ್ಲಿ. ಐದು ಎಂದರೆ ಎಲ್ಲಿ ಬೇಕಾದರೂ, ಯಾವ ಹವೆಯಲ್ಲಾದರೂ. ಅದು ಎಲ್ಲಿಯೂ ಇಲ್ಲ. ನನಗೆ ಹೆಚ್ಚು ಭಯ ಇರುವುದು ನಡುವಿನ ಮೂರರ ಬಗ್ಗೆ: ಯಂತ್ರ ಓಡಿಸುತ್ತಿರುತ್ತದೆ, ತನ್ನಿಂದ ಆಗದು ಎಂದಾಗ ನಿಮ್ಮನ್ನು ಕರೆಯುತ್ತದೆ. ತೂಕಡಿಸುತ್ತಿದ್ದವರನ್ನು ಅರಬೈಲ್ ಘಟ್ಟದ ತಿರುವಿನಲ್ಲಿ ಎಬ್ಬಿಸಿ ಸ್ಟೇರಿಂಗ್ ಕೈಗಿಡುವುದು ಉಪಕಾರವಾಗುವುದಿಲ್ಲ.

ಹಾಗೆಂದು ಯಂತ್ರವನ್ನು ಹಳಿಯಲು ನಾನು ಬಂದಿಲ್ಲ. 2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಜನ. ಅವನ್ನೆಲ್ಲ ಮಾಡಿದ್ದು ಮನುಷ್ಯರು ಓಡಿಸಿದ ವಾಹನಗಳೇ. ಯಂತ್ರ ಕುಡಿಯುವುದಿಲ್ಲ. ಹಿಂದಿನ ಬಸ್ಸಿನವನ ಮೇಲೆ ಹಟ ಸಾಧಿಸುವುದಿಲ್ಲ. ಬೆಂಗಳೂರಿನಿಂದ ರಾತ್ರಿ ಹೊರಟು ಬೆಳಗಿನ ಜಾವ ನಾಲ್ಕಕ್ಕೆ ಘಟ್ಟದ ತಲೆಗೆ ಬಂದಾಗ ಅದರ ರೆಪ್ಪೆ ಭಾರವಾಗುವುದಿಲ್ಲ. ಘಟ್ಟದ ತಿರುವಿನಾಚೆ ಇರುವ ಬಸ್ಸು ತಾನು ಬರುತ್ತಿದ್ದೇನೆಂದು ಈಚೆಯ ಕಾರಿಗೆ ನೇರವಾಗಿ ರೇಡಿಯೊ ಮೂಲಕ ತಿಳಿಸುವಂತಾದರೆ, ಹಾರ್ನ್‌ಗಿಂತ ಅದು ಸಾವಿರ ಪಾಲು ಮೇಲು. ಆ ತಂತ್ರಜ್ಞಾನ ಇಂದೇ ಇದೆ. ಅದಕ್ಕೆ ಚಾಲಕರನ್ನು ಇಳಿಸಬೇಕಾಗಿಲ್ಲ. ನಮ್ಮ ಘಟ್ಟಗಳಿಗೆ ಮೊದಲು ಬೇಕಾದುದು ಇದು, ಚಾಲಕರನ್ನು ಕಾಯುವ ಯಂತ್ರ.

ಇನ್ನು ಮಳೆ. ಲೈಡಾರಿನ ಬೆಳಕು ಮಳೆಹನಿಗೂ ತಗಲಿ ಮರಳುತ್ತದೆ, ಮಂಜಿಗೂ ತಗಲಿ ಮರಳುತ್ತದೆ. ಕ್ಯಾಮೆರಾದ ಗಾಜಿನ ಮೇಲೆ ಒಂದು ಹನಿ ನಿಂತರೆ ಅರ್ಧ ಜಗತ್ತು ಕದಡಿಹೋಗುತ್ತದೆ. ರೇಡಾರ್ ಮಳೆಯನ್ನು ತಕ್ಕಮಟ್ಟಿಗೆ ದಾಟುತ್ತದೆ, ಆದರೆ ಅದಕ್ಕೆ ವಸ್ತುವಿನ ಆಕಾರ ಅಷ್ಟು ಸ್ಪಷ್ಟವಾಗಿ ತಿಳಿಯದು. ರಸ್ತೆಯ ಬಿಳಿ ಗೆರೆ ನೀರಿನಡಿ ಹೋದ ಮೇಲೆ ಹೊಂಡ ಎಲ್ಲಿ, ರಸ್ತೆಯ ಅಂಚು ಎಲ್ಲಿ?

ಇಲ್ಲಿ ನಾವು ಅಮೆರಿಕದ ಕಡೆ ನೋಡುವ ಬದಲು ನಮ್ಮ ಕೊಂಕಣ ರೈಲ್ವೆಯ ಕಡೆ ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ. 1998ರಿಂದ ಅದೇ ಗುಡ್ಡ, ಅದೇ ನದಿ, ಅದೇ ಮಳೆಯಲ್ಲಿ ರೈಲು ಓಡುತ್ತಿದೆ. ಪ್ರತಿ ವರ್ಷ ಮಳೆಗಾಲಕ್ಕೆ ಅವರದು ಬೇರೆಯೇ ವೇಳಾಪಟ್ಟಿ. ಎಚ್ಚರಿಕೆಯ ಜಾಗಗಳಲ್ಲಿ ವೇಗ ಕಡಿಮೆ, ಹಳಿಯ ಮೇಲೆ ಹಗಲೂ ರಾತ್ರಿಯೂ ಗಸ್ತು, ಮಳೆಮಾಪಕಗಳು. ಜೋರು ಮಳೆಯಲ್ಲಿ ಮುಂದಿನದು ಕಾಣದಿದ್ದರೆ ಗಂಟೆಗೆ 40 ಕಿಲೋಮೀಟರ್ ಮೀರಬಾರದೆಂದು ಲೋಕೊ ಪೈಲಟ್‌ಗಳಿಗೆ ಸೂಚನೆ. ಅಂದರೆ ರೈಲ್ವೆ ಮಳೆಗಾಲವನ್ನು ಒಪ್ಪಿಕೊಂಡಿದೆ. ಪಕ್ಕದಲ್ಲೇ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಒಪ್ಪಿಕೊಂಡಿಲ್ಲ. ಅದರ ಫಲಕದ ಮೇಲಿನ ವೇಗಮಿತಿ ಜನವರಿಯಲ್ಲೂ ಅದೇ, ಜುಲೈಯಲ್ಲೂ ಅದೇ. ತಾನೇ ಓಡುವ ಕಾರು ಇಲ್ಲಿಗೆ ಬರುವುದಾದರೆ ಅದಕ್ಕೂ ಮಳೆಗಾಲದ ವೇಳಾಪಟ್ಟಿ ಬೇಕು. ‘ಈ ಹೊತ್ತಿಗೆ ಹೊರಡಲಾರೆ’ ಎಂದು ಹೇಳುವ ಧೈರ್ಯ ಅದಕ್ಕಿರಬೇಕು. ಕೊಂಡವರು ಸಿಟ್ಟಾಗುತ್ತಾರೆಂದು ತಯಾರಿಸಿದವರು ಆ ಧೈರ್ಯವನ್ನು ತೆಗೆದುಹಾಕಬಾರದು.

ರೈಲಿನ ಮಾತು ಬಂತೆಂದು ಇನ್ನೊಂದು. ಇದೇ ಕೊಂಕಣ ರೈಲ್ವೆ 1999ರಿಂದ ಸರಕು ತುಂಬಿದ ಲಾರಿಗಳನ್ನೇ ರೈಲಿಗೆ ಏರಿಸಿ ಒಯ್ಯುತ್ತಿದೆ. ಲಾರಿ ಹೋಗುತ್ತದೆ, ಚಾಲಕರು ಅದರಲ್ಲೇ ಮಲಗಿ ನಿದ್ದೆ ಮಾಡುತ್ತಾರೆ. ಲೈಡಾರ್ ಇಲ್ಲ, ಕೃತಕ ಬುದ್ಧಿಮತ್ತೆ ಇಲ್ಲ. ಚಾಲಕರು ಓಡಿಸದೆ ಸಾಗುವ ಲಾರಿ ನಮ್ಮ ಊರುಗಳ ಮೇಲೆ ಹಾದುಹೋಗುತ್ತಿರುವುದು ಇಂದು ನಿನ್ನೆಯಿಂದಲ್ಲ!

ಕಾರಿನ ಕಣ್ಣು ಎಷ್ಟೇ ಚುರುಕಾದರೂ ಅದಕ್ಕೆ ಕಾಣದ್ದು ಕೆಲವಿವೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿತ್ತು. ಚಹಾ ಅಂಗಡಿ, ನಿಂತಿದ್ದ ವಾಹನಗಳು, ಮನುಷ್ಯರು ಮಣ್ಣಿನ ಜೊತೆ ಗಂಗಾವಳಿ ನದಿಗೆ ಹೋದರು. ಒಂದು ಲಾರಿಯನ್ನು ನೀರಿನಿಂದ ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿಯ ನಂತರ, ಕಾರವಾರ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಅದರ ಮೇಲಿದ್ದ ಲಾರಿ ನದಿಗೆ ಬಿತ್ತು. ಸ್ಥಳೀಯ ಮೀನುಗಾರರು ಮತ್ತು ಪೊಲೀಸರು ಚಾಲಕನನ್ನು ಬದುಕಿಸಿದರು. ಆ ಕ್ಷಣದಲ್ಲಿ ಯಾವ ನಕ್ಷೆಯನ್ನು ತೆರೆದರೂ ಸೇತುವೆ ಇತ್ತು. ಕಂಬದೊಳಗಿನ ಕಬ್ಬಿಣ ಎಷ್ಟು ತುಕ್ಕು ಹಿಡಿದಿದೆ, ನೆಟ್ಟಗೆ ಕಡಿದ ಗುಡ್ಡದೊಳಗೆ ನೀರು ಎಷ್ಟು ತುಂಬಿದೆ ಎಂಬುದು ರಸ್ತೆಯ ಮೇಲೆ ಓಡುವವರಿಗೆ ಕಾಣುವುದಿಲ್ಲ, ಅದು ಮನುಷ್ಯರಾಗಲಿ, ಯಂತ್ರವಾಗಲಿ.

ಅದನ್ನು ಗುಡ್ಡವೇ ಹೇಳಬೇಕು, ಸೇತುವೆಯೇ ಹೇಳಬೇಕು. ಹೇಳಿಸಲು ಸಾಧ್ಯವಿದೆ. ಕೇರಳದ ಮುನ್ನಾರ್‌ನಲ್ಲಿ ಅಮೃತಾ ವಿಶ್ವವಿದ್ಯಾಪೀಠದವರು 2009ರಲ್ಲೇ ಗುಡ್ಡದೊಳಗೆ ಸಂವೇದಕಗಳನ್ನು ಹೂತು, ಮಣ್ಣಿನ ತೇವ, ಒಳನೀರಿನ ಒತ್ತಡ, ಚಲನೆಯನ್ನು ಅಳೆದು ಮುನ್ನೆಚ್ಚರಿಕೆ ಕೊಡುವ ವ್ಯವಸ್ಥೆ ಮಾಡಿದರು. ತಾನೇ ಓಡುವ ಕಾರಿನ ಕಂಪನಿ ನಮ್ಮ ಜಿಲ್ಲೆಗೆ ಬಂದು ಅನುಮತಿ ಕೇಳಿದ ದಿನ ನಾನು ಅಧಿಕಾರಿಯಾಗಿದ್ದರೆ, ‘ಕಾರನ್ನು ಆಮೇಲೆ ತನ್ನಿ, ಮೊದಲು ಈ ಅಳತೆಗಳು ನಿಮ್ಮ ಕಾರಿಗೂ ನಮ್ಮ ಟೆಂಪೋ ಚಾಲಕರ ಮೊಬೈಲಿಗೂ ಒಂದೇ ಹೊತ್ತಿಗೆ ತಲುಪುವಂತೆ ಮಾಡಿ’ ಎನ್ನುತ್ತಿದ್ದೆ.

ತಲುಪಿಸಲು ಸಿಗ್ನಲ್ ಬೇಕಲ್ಲ ಎಂದು ಹಿಂದಿನ ಸಾಲಿನಿಂದ ಯಾರೋ ನಗುತ್ತಿದ್ದೀರಿ. ಸರಿಯಾದ ನಗು. ಚಾಲಕರಿಲ್ಲದ ಟ್ಯಾಕ್ಸಿಗಳು ಗೊಂದಲವಾದಾಗ ದೂರದ ಕಚೇರಿಯಲ್ಲಿ ಕೂತ ಮನುಷ್ಯರನ್ನು ಕೇಳುತ್ತವೆ. ಸಿದ್ದಾಪುರದ ಒಳಹಳ್ಳಿಯಲ್ಲೋ ಜೋಯಿಡಾದ ಕಾಡಿನಲ್ಲೋ ನಿಂತು ಯಾರನ್ನು ಕೇಳುವುದು? 2025ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದೊಡ್ಡ ಮಟ್ಟದಲ್ಲಿ ಕರೆಂಟ್ ಹೋಯಿತು. ಟ್ರಾಫಿಕ್ ದೀಪಗಳು ಆರಿದವು, ವೇಮೋ ಕಾರುಗಳು ಅಲ್ಲಲ್ಲೇ ನಿಂತವು, ಸೇವೆಯನ್ನೇ ಸ್ವಲ್ಪ ಹೊತ್ತು ನಿಲ್ಲಿಸಬೇಕಾಯಿತು. ಕರೆಂಟ್ ಹೋದರೆ ಬದುಕು ನಡೆಸುವುದು ಹೇಗೆ ಎಂಬ ವಿಷಯದಲ್ಲಿ ನಾವು ಅವರಿಗೆ ತರಬೇತಿ ಕೊಡಬಹುದು.

ಈಗ ದಿನನಿತ್ಯದ ಬದುಕಿಗೆ ಬರುತ್ತೇನೆ. ನಗರದವರು ಈ ಕಾರಿನ ಬಗ್ಗೆ ಕನಸು ಕಾಣುವುದು ಬೇರೆ: ಕಚೇರಿಗೆ ಹೋಗುತ್ತಾ ನಿದ್ದೆ ಮಾಡಬಹುದು, ಪಾರ್ಕಿಂಗ್ ಹುಡುಕಬೇಕಾಗಿಲ್ಲ. ನಮ್ಮ ಕಡೆಯ ವಿಷಯ ಬೇರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ ಇಂದು ಉಳಿದವರು ಯಾರು? ಎಪ್ಪತ್ತು ದಾಟಿದ ಅಪ್ಪ, ಆಯಿ. ಮಗ ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲೋ ಅದರಾಚೆಯೋ. ಮಗ ಕೊಡಿಸಿದ ಕಾರು ಅಂಗಳದ ಮಾಡಿನಡಿ ಇದೆ. ಅಪ್ಪನಿಗೆ ಕಣ್ಣಿನ ಪೊರೆ, ಆಯಿ ಓಡಿಸಲು ಕಲಿಯಲಿಲ್ಲ. ರಕ್ತ ಪರೀಕ್ಷೆಗೆ ಪೇಟೆಗೆ ಹೋಗಬೇಕೆಂದರೆ ಪಕ್ಕದ ಮನೆಯ ಹುಡುಗನಿಗೆ ಬಿಡುವಿದೆಯೇ ಎಂದು ನಾಲ್ಕು ದಿನ ಮೊದಲೇ ಕೇಳಬೇಕು. ಮದುವೆ, ಉಪನಯನ, ತಾಳಮದ್ದಲೆ ಎಲ್ಲವೂ ‘ಯಾರಾದರೂ ಕರೆದುಕೊಂಡು ಹೋದರೆ’ ಎಂಬ ಷರತ್ತಿಗೆ ಒಳಪಟ್ಟಿವೆ. ಈ ಕಾರು ಯಾರಿಗಾದರೂ ನಿಜವಾದ ಬಿಡುಗಡೆ ತರುವುದಾದರೆ ಇವರಿಗೆ. ಕಣ್ಣು ಕಾಣದವರಿಗೆ, ಕೈಕಾಲು ಸ್ವಾಧೀನವಿಲ್ಲದವರಿಗೆ ಸಹ. ಯಾರ ಮುಲಾಜೂ ಇಲ್ಲದೆ ಹೊರಡುವುದು ಎಷ್ಟು ದೊಡ್ಡದೆಂದು ಓಡಾಡುವ ಶಕ್ತಿ ಇರುವವರಿಗೆ ತಿಳಿಯುವುದಿಲ್ಲ.

ಆದರೆ ಹಳ್ಳ ದಾಟುವ ಕಾಲುಸಂಕದಾಚೆ ಇರುವ ಮನೆಗೆ ಯಾವ ಕಾರೂ ಬರುವುದಿಲ್ಲ, ಬುದ್ಧಿವಂತ ಕಾರೂ ಬರುವುದಿಲ್ಲ. ಹಾಗೆಯೇ ತುರ್ತು ಚಿಕಿತ್ಸೆ. ಹೃದಯದ, ಮಿದುಳಿನ ದೊಡ್ಡ ಚಿಕಿತ್ಸೆಗೆ ಇಂದಿಗೂ ಹೊನ್ನಾವರದವರು ಮಣಿಪಾಲದ ಕಡೆ, ಶಿರಸಿಯವರು ಹುಬ್ಬಳ್ಳಿಯ ಕಡೆ ಧಾವಿಸುತ್ತಾರೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಮಳೆಗೆ ಜಾರಿ ಅಪ್ಪಳಿಸಿ ನಾಲ್ವರು ಸತ್ತರು. ಅದು ಉಡುಪಿ ಜಿಲ್ಲೆಯ ಶಿರೂರು, ಗುಡ್ಡ ಬಿದ್ದ ಶಿರೂರು ನಮ್ಮ ಜಿಲ್ಲೆಯದು. ಎರಡೂ ಹೆಸರು ಕೇಳಿದರೆ ಈಗ ಎದೆ ಧಸಕ್ಕೆನ್ನುತ್ತದೆ. ಯಂತ್ರ ಓಡಿಸಿದ್ದರೆ ಜಾರುವುದು ತಪ್ಪುತ್ತಿತ್ತೇ ಎಂದು ಕೇಳಬಹುದು. ನಾನು ಕೇಳುವ ಪ್ರಶ್ನೆ, ರೋಗಿ ಅಷ್ಟು ದೂರ ಯಾಕೆ ಹೋಗಬೇಕಿತ್ತು ಎಂಬುದು.

ಇನ್ನು ಚಾಲಕರು. ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರು 2017ರಲ್ಲೂ 2023ರಲ್ಲೂ ಚಾಲಕರಿಲ್ಲದ ಕಾರನ್ನು ಭಾರತಕ್ಕೆ ಬಿಡುವುದಿಲ್ಲ, ಚಾಲಕರ ಕೆಲಸ ಹೋಗುತ್ತದೆ ಎಂದರು. ಅದೇ ಹೊತ್ತಿಗೆ 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಹೊಸ ಬಗೆಯ ವಾಹನಗಳ ಸಂಶೋಧನೆಗೆ ವಿನಾಯಿತಿ ಕೊಡುವ ಅವಕಾಶವನ್ನೂ ಇಟ್ಟುಕೊಂಡಿದ್ದಾರೆ. ಬಾಗಿಲು ಮುಚ್ಚಿದೆ, ಚಿಲಕ ಹಾಕಿಲ್ಲ. ದೆಹಲಿಯ ಮೆಟ್ರೊ 2020ರ ಡಿಸೆಂಬರ್‌ನಲ್ಲಿ ಒಂದು ಮಾರ್ಗದಲ್ಲಿ ಚಾಲಕರಿಲ್ಲದೆ ಓಡಲು ಆರಂಭಿಸಿತು, ಯಾರೂ ತಡೆಯಲಿಲ್ಲ.

ನಮ್ಮ ಹೆದ್ದಾರಿಯಲ್ಲಿ ಹೋಗುವ ಲಾರಿಗಳು ತಾವೇ ಓಡುವಂತಾದರೆ ಕೆಲಸ ಹೋಗುವುದು ಚಾಲಕರದ್ದು ಮಾತ್ರವಲ್ಲ. ಯಂತ್ರ ಚಹಾ ಕುಡಿಯುವುದಿಲ್ಲ, ಮೀನೂಟಕ್ಕೆ ನಿಲ್ಲುವುದಿಲ್ಲ. ಭಟ್ಕಳದಿಂದ ಮಾಜಾಳಿಯವರೆಗೆ ರಸ್ತೆಬದಿಯ ಖಾನಾವಳಿ, ಗೂಡಂಗಡಿಗಳ ಲೆಕ್ಕ ಹಾಕಿ. ಹಳ್ಳಿಯ ಬಸ್ಸಿನ ವಿಷಯ ಇನ್ನೂ ಸೂಕ್ಷ್ಮ. ರಾತ್ರಿ ಊರಲ್ಲೇ ಉಳಿದು ಬೆಳಿಗ್ಗೆ ಹೊರಡುವ ವಸತಿ ಬಸ್ಸಿನ ಚಾಲಕರು ಪೇಟೆಯಿಂದ ಔಷಧಿ ತಂದುಕೊಡುತ್ತಾರೆ, ಪತ್ರಿಕೆಯ ಕಟ್ಟು ಎಸೆಯುತ್ತಾರೆ, ಗದ್ದೆಯ ಬದುವಿನ ಮೇಲೆ ಓಡಿಬರುತ್ತಿರುವ ಶಾಲೆಯ ಮಗುವಿಗಾಗಿ ಒಂದು ನಿಮಿಷ ಕಾಯುತ್ತಾರೆ. ವೇತನದ ಚೀಟಿಯಲ್ಲಿ ಇದ್ಯಾವುದೂ ಇಲ್ಲ. ಆದ್ದರಿಂದಲೇ ಲೆಕ್ಕಪತ್ರ ನೋಡುವವರಿಗೆ ಇದನ್ನೆಲ್ಲ ಕಿತ್ತುಹಾಕುವುದು ಸುಲಭ.

ಅಪಘಾತವಾದರೆ ಯಾರ ಮೇಲೆ ಕೇಸು ಎಂದು ವಿದ್ಯಾರ್ಥಿಯೊಬ್ಬರು ಚೀಟಿ ಕಳಿಸಿದ್ದಾರೆ. ನಮ್ಮ ಕಾನೂನು ಚಾಲಕ ಎಂಬ ಮನುಷ್ಯ ಇದ್ದಾನೆ ಎಂದುಕೊಂಡೇ ಬರೆದದ್ದು. ಲೈಸೆನ್ಸ್, ದಂಡ, ಶಿಕ್ಷೆ ಎಲ್ಲವೂ ಅವನಿಗೆ. ಅವನಿಲ್ಲದಿದ್ದರೆ ಹೊಣೆಯನ್ನು ತಯಾರಕರ ಮೇಲೆ ಇಡಬೇಕು, ಅದನ್ನು ಮೊದಲೇ ಬರೆದಿಡಬೇಕು. ಕಾರು ಕೊಂಡ ಮುದುಕರ ಮೇಲೆ ಅದು ಬೀಳಬಾರದು. ನಕ್ಷೆಯ ಪ್ರಶ್ನೆಯೂ ಇದೆ. ಈ ಕಾರುಗಳಿಗೆ ಅಂಗೈ ಅಗಲದಷ್ಟು ಸೂಕ್ಷ್ಮವಾದ ನಕ್ಷೆ ಬೇಕು. 2021ರ ಕೇಂದ್ರ ಮಾರ್ಗಸೂಚಿಯ ಪ್ರಕಾರ ಒಂದು ಮೀಟರಿಗಿಂತ ಸೂಕ್ಷ್ಮವಾದ ನಕ್ಷೆಯನ್ನು ಭಾರತೀಯ ಸಂಸ್ಥೆಗಳೇ ಮಾಡಬೇಕು. ನೌಕಾನೆಲೆ ಮತ್ತು ಕೈಗಾ ಅಣುವಿದ್ಯುತ್ ಸ್ಥಾವರ ಇರುವ ಕಾರವಾರದಲ್ಲಿ ಸುತ್ತಲಿನದನ್ನೆಲ್ಲ ಚಿತ್ರ ಹಿಡಿಯುತ್ತ ಓಡುವ ಕಾರನ್ನು ಯಾರೂ ಸುಮ್ಮನೆ ಬಿಡುವುದಿಲ್ಲ.

ಹಾಗಾದರೆ ಎಲ್ಲಿಂದ ಆರಂಭಿಸಬಹುದು? ಘಟ್ಟದಿಂದಂತೂ ಬೇಡ. ಕಾರವಾರದ ರೈಲು ನಿಲ್ದಾಣ ಪೇಟೆಯಿಂದ ದೂರ, ಶಿರವಾಡದಲ್ಲಿದೆ. ಅಲ್ಲಿಂದ ಬಸ್ ನಿಲ್ದಾಣಕ್ಕೆ, ಆಸ್ಪತ್ರೆಗೆ ಒಂದೇ ದಾರಿಯಲ್ಲಿ ಗಂಟೆಗೆ ಇಪ್ಪತ್ತು–ಇಪ್ಪತ್ತೈದು ಕಿಲೋಮೀಟರ್ ವೇಗದಲ್ಲಿ ಓಡುವ ಸಣ್ಣ ಬಸ್ಸು ಸಾಕು. ಹೈದರಾಬಾದ್ ಐಐಟಿಯ ಆವರಣದಲ್ಲಿ ಇಂಥ ಚಾಲಕರಹಿತ ಬಸ್ಸನ್ನು ಓಡಿಸಿ ನೋಡುತ್ತಿದ್ದಾರೆ. ಮೊದಲ ಎರಡು ಮಳೆಗಾಲ ಸ್ಟೇರಿಂಗ್ ಮುಂದೆ ಒಬ್ಬ ಚಾಲಕರು ಕೂತೇ ಇರಲಿ, ಮೊಬೈಲ್ ಇಲ್ಲದೆ. ಸಾರಿಗೆ ಸಂಸ್ಥೆಯೇ ಅದನ್ನು ನಡೆಸಲಿ, ಖಾಸಗಿಯವರ ಆಟಿಕೆಯಾಗದಿರಲಿ. ಮತ್ತು ಈ ಬಗ್ಗೆ ನಡೆಯುವ ಮೊದಲ ಸಭೆಗೆ ಶಿರವಾಡ ನಿಲ್ದಾಣದ ರಿಕ್ಷಾ ಚಾಲಕರನ್ನು ಕರೆಯಬೇಕು. ನಡುರಾತ್ರಿಯ ರೈಲಿಗೆ ಜನ ಎಷ್ಟು ಇಳಿಯುತ್ತಾರೆ, ಯಾವ ತಿರುವಿನಲ್ಲಿ ನೀರು ನಿಲ್ಲುತ್ತದೆ, ದನಗಳು ಎಲ್ಲಿ ಮಲಗುತ್ತವೆ ಎಂಬ ನಕ್ಷೆ ಅವರ ಬಳಿ ಇದೆ. ಅದನ್ನು ಅವರು ಪುಕ್ಕಟೆ ಕೊಡಬೇಕಾಗಿಲ್ಲ. ಬಸ್ಸು ಗೊಂದಲಕ್ಕೆ ಬಿದ್ದಾಗ ದೂರದಿಂದ ದಾರಿ ಹೇಳುವ ಕೊಠಡಿಯಲ್ಲಿ ಕೂರಲು ಅವರಿಗಿಂತ ಯೋಗ್ಯರು ಯಾರೆಂದು ನನಗೆ ತೋಚುತ್ತಿಲ್ಲ. ಆ ಕೆಲಸಕ್ಕೆ ಸಂಬಳ ಎಷ್ಟು ಎಂಬುದನ್ನು ಅದೇ ಸಭೆಯಲ್ಲಿ ಗೊತ್ತುಮಾಡಬೇಕು.